ಕಡಲ ಹದ್ದಿನ ಗಾತ್ರ ಅಂದಾಜಿಸುವುದು, ಬೇಟೆ ಗಮನಿಸುವುದು: ಕಾಸರಗೋಡಿನ ಹೊಳೆ ಅಳಿವೆಗಳಿಗೊಂದು ಕೈಪಿಡಿ

ಮಂಜೇಶ್ವರದಿಂದ ಚಂದ್ರಗಿರಿಯವರೆಗಿನ ನಮ್ಮ ಕರಾವಳಿಯಲ್ಲಿ ತಲೆಯ ಮೇಲೆ ಸುತ್ತುವ ದೊಡ್ಡ ಹಕ್ಕಿ ಯಾವುದೇ ಆಗಿರಲಿ, ಅದನ್ನು ಕನ್ನಡದಲ್ಲಿ ಹದ್ದು ಎನ್ನುತ್ತೇವೆ, ತುಳುವಿನಲ್ಲಿ ಗಿಡಿ ಎನ್ನುತ್ತೇವೆ, ಮಲಯಾಳದಲ್ಲಿ ಪರುಂದು ಎನ್ನುತ್ತೇವೆ. ಮೂರು ಭಾಷೆಗಳ ಈ ಊರಿನಲ್ಲಿ ಮೂರು ಹೆಸರುಗಳಿದ್ದರೂ, ಆ ಮೂರೂ ಹೆಸರುಗಳು ಅರ್ಧ ಕಿಲೋ ತೂಗುವ ಗರುಡನಿಗೂ ನಾಲ್ಕೂವರೆ ಕಿಲೋವರೆಗೆ ತೂಗುವ ಕಡಲ ಹದ್ದಿಗೂ ಸಮಾನವಾಗಿ ಸಲ್ಲುತ್ತಿವೆ. ಹೀಗಾಗಿ ಯಾರಾದರೂ "ಹೊಳೆಬದಿಯಲ್ಲಿ ದೊಡ್ಡ ಹದ್ದೊಂದನ್ನು ಕಂಡೆ" ಎಂದಾಗ ಅವರು ಕಂಡದ್ದು ಯಾವ ಹಕ್ಕಿಯೆಂದು ತಿಳಿಯಲು ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಅದು ಯಾವುದಕ್ಕಿಂತ ದೊಡ್ಡದಾಗಿತ್ತು, ಮತ್ತು ಅದು ಏನು ಮಾಡುತ್ತಿತ್ತು? ಬಣ್ಣದ ಪ್ರಶ್ನೆಯನ್ನು ನಾನು ಕೊನೆಗೆ ಇಡುತ್ತೇನೆ. ಅದಕ್ಕೆ ಕಾರಣವಿದೆ.

ಶಿರಿಯ ಹೊಳೆಯ ಅಳಿವೆಯಲ್ಲಿ ಹಕ್ಕಿ ನೋಡಲು ತೊಡಗಿದ ಮೊದಲ ಎರಡು ವರ್ಷ ನಾನು ಬಣ್ಣವನ್ನೇ ನಂಬಿದ್ದೆ. ತಲೆ ಮತ್ತು ಎದೆ ಬಿಳಿಯಾಗಿದ್ದರೆ ಕಡಲ ಹದ್ದು, ಮೈಯೆಲ್ಲ ಕಂದು ಬಣ್ಣವಾಗಿದ್ದರೆ ಊರ ಹದ್ದು ಎಂದು ಬರೆದಿಟ್ಟುಕೊಳ್ಳುತ್ತಿದ್ದೆ. ಕಡಲ ಹದ್ದಿನ ಮರಿಗೆ ಗೂಡು ಬಿಡುವಾಗ ಕಂದು ಬಣ್ಣದ ಗರಿಗಳೇ ಇರುತ್ತವೆ, ತಾಯಿ ತಂದೆಯ ಬಿಳಿ ಬೂದು ಬಣ್ಣ ಪೂರ್ತಿಯಾಗಿ ಬರಲು ನಾಲ್ಕರಿಂದ ಐದು ವರ್ಷಗಳು ಬೇಕು ಎಂಬುದು ತಿಳಿದ ಮೇಲೆ ಹಳೆಯ ಪುಟಗಳನ್ನು ತೆರೆದು ನೋಡಿದರೆ, ಅಲ್ಲಿದ್ದ ಎಷ್ಟೋ "ಊರ ಹದ್ದು"ಗಳ ಪಕ್ಕದಲ್ಲಿ "ಬಹಳ ದೊಡ್ಡದು" ಎಂದು ನಾನೇ ಬರೆದಿದ್ದೆ. ಕಣ್ಣು ಸರಿಯಾದುದನ್ನೇ ಕಂಡಿತ್ತು. ಆ "ದೊಡ್ಡದು" ಎಂಬ ಮಾತಿಗೆ ಅಳತೆಯನ್ನು ಕೊಡುವ ಕ್ರಮವೊಂದು ಮಾತ್ರ ನನ್ನಲ್ಲಿ ಇರಲಿಲ್ಲ.

ಕಾಸರಗೋಡು ಜಿಲ್ಲಾ ಪಂಚಾಯತು ಬಿಳಿ ಹೊಟ್ಟೆಯ ಕಡಲ ಹದ್ದನ್ನು ಜಿಲ್ಲೆಯ ಪಕ್ಷಿಯೆಂದು ಘೋಷಿಸಿದೆ. ಮಲಯಾಳದಲ್ಲಿ ಇದರ ಹೆಸರು ವೆಳ್ಳವಯರನ್ ಕಡಲ್‌ಪರುಂದು. ಊರಿನ ಹೆಸರಿಗೇ ಮೂಲವೆಂದು ಹಲವರು ಹೇಳುವ ಕಾಸರಕ ಮರವು ಜಿಲ್ಲೆಯ ಮರವೆಂದು ಇದರ ಜೊತೆಯಲ್ಲೇ ಗೌರವ ಪಡೆಯಿತು. ಹೀಗೆ ಗೌರವಿಸಿದ ಹಕ್ಕಿಯನ್ನು ಸರಿಯಾಗಿ ಗುರುತಿಸಲು ಇಲ್ಲಿಯ ಜನರಿಗೆ ಬರಬೇಕು ಎಂಬುದು ನನ್ನ ಆಸೆ.

ಮೊದಲು ಮನಸ್ಸಿನಲ್ಲಿ ಇರಬೇಕಾದ ಅಂಕಿಗಳು

ಬೆಳೆದ ಕಡಲ ಹದ್ದು ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು 66ರಿಂದ 90 ಸೆಂಟಿಮೀಟರ್ ಉದ್ದವಿರುತ್ತದೆ. ಬಿಚ್ಚಿದ ರೆಕ್ಕೆಗಳ ಒಂದು ತುದಿಯಿಂದ ಇನ್ನೊಂದು ತುದಿಗೆ 1.8ರಿಂದ 2.2 ಮೀಟರ್ ಆಗುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. ಗಂಡಿನ ತೂಕ 1.8ರಿಂದ 3 ಕಿಲೋ, ಹೆಣ್ಣಿನ ತೂಕ 2.5ರಿಂದ 4.5 ಕಿಲೋ. ಬೇಟೆಯಾಡುವ ಹಕ್ಕಿಗಳಲ್ಲಿ ಹೆಣ್ಣೇ ದೊಡ್ಡದಾಗಿರುವುದು ಸಾಮಾನ್ಯ ನಿಯಮ. ಆದುದರಿಂದ ಜೋಡಿಯೊಂದು ಒಟ್ಟಿಗೆ ಸುತ್ತುವಾಗ ಒಂದು ಚಿಕ್ಕದಾಗಿ ಕಂಡರೆ ಅದನ್ನು ಮರಿಯೆಂದು ತೀರ್ಮಾನಿಸಬಾರದು.

ಇದರೊಡನೆ ಬೆರೆಸಿಕೊಳ್ಳುವ ಸಾಧ್ಯತೆಯಿರುವ ಹಕ್ಕಿಗಳಲ್ಲಿ ಮೊದಲನೆಯದು ಗರುಡ. ಅದರ ಉದ್ದ ಸುಮಾರು 45ರಿಂದ 51 ಸೆಂಟಿಮೀಟರ್, ರೆಕ್ಕೆಯ ಹರವು 1.1ರಿಂದ 1.25 ಮೀಟರ್. ಪೇಟೆಯ ಮೀನು ಮಾರುಕಟ್ಟೆಯ ಮೇಲೆ ಸುತ್ತುವ, ಬಾಲದ ತುದಿ ಸೀಳಿದಂತಿರುವ ಹದ್ದನ್ನು ಇಲ್ಲಿ ಊರ ಹದ್ದು ಎಂದು ಕರೆಯುತ್ತೇನೆ. ಅದು ಗರುಡನಿಗಿಂತ ಸ್ವಲ್ಪ ದೊಡ್ಡದು, ರೆಕ್ಕೆಯ ಹರವು ಒಂದೂವರೆ ಮೀಟರಿನ ಆಸುಪಾಸು. ಚಳಿಗಾಲದಲ್ಲಿ ವಲಸೆ ಬರುವ ಮೀನು ಡೇಗೆ ಈ ಎರಡಕ್ಕೂ ಕಡಲ ಹದ್ದಿಗೂ ನಡುವಿನ ಗಾತ್ರದ್ದು.

ಕಾಗೆ, ಮಡಲು, ಹೆಬ್ಬೆರಳು

ಆಕಾಶದಲ್ಲಿ ಒಂಟಿಯಾಗಿ ಹಾರುವ ಹಕ್ಕಿಯ ಗಾತ್ರವನ್ನು ಯಾವ ಅನುಭವಿಯೂ ಬರಿಗಣ್ಣಿನಿಂದ ಹೇಳಲಾರ. ಹತ್ತಿರದ ಗರುಡನೂ ದೂರದ ಕಡಲ ಹದ್ದೂ ಕಣ್ಣಿಗೆ ಒಂದೇ ಅಳತೆಯಲ್ಲಿ ಕಾಣುತ್ತವೆ. ಮುಸ್ಸಂಜೆಯ ಬೆಳಕಿನಲ್ಲಿ ಕಪ್ಪಾಗಿ ತೋರುವ ಹಕ್ಕಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಆದುದರಿಂದ ಪಕ್ಕದಲ್ಲಿ ಗಾತ್ರ ಗೊತ್ತಿರುವ ಮತ್ತೊಂದು ವಸ್ತು ಬರುವವರೆಗೆ ಕಾಯಬೇಕು. ನಮ್ಮ ಊರಿನಲ್ಲಿ ಈ ಕಾಯುವಿಕೆ ಬಹಳ ದೀರ್ಘವಾಗುವುದಿಲ್ಲ, ಏಕೆಂದರೆ ಕಾಗೆಗಳು ಬಂದೇ ಬರುತ್ತವೆ. ದೊಡ್ಡ ಬೇಟೆ ಹಕ್ಕಿ ಎಲ್ಲಿ ಕಂಡರೂ ಅವು ಗುಂಪುಗೂಡಿ ಅದನ್ನು ಬೆನ್ನಟ್ಟುತ್ತವೆ. ಊರ ಕಾಗೆಯ ಉದ್ದ ಸುಮಾರು 40 ಸೆಂಟಿಮೀಟರ್. ಗರುಡನನ್ನು ಬೆನ್ನಟ್ಟುವ ಕಾಗೆಯು ಅದಕ್ಕಿಂತ ಸ್ವಲ್ಪ ಚಿಕ್ಕದಾಗಿ ತೋರುತ್ತದೆ, ಎರಡೂ ಒಂದೇ ಜಾತಿಯವರ ಜಗಳದಂತೆ ಕಾಣುತ್ತವೆ. ಕಡಲ ಹದ್ದಿನ ಹಿಂದೆ ಬಿದ್ದ ಕಾಗೆಯಾದರೋ ಅದರ ಅರ್ಧದಷ್ಟು ಮಾತ್ರ ಇರುತ್ತದೆ. ಎರಡು ಕಾಗೆಗಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಕಡಲ ಹದ್ದು. ನಾನು ಹೊಸಬರಿಗೆ ಮೊದಲು ಕಲಿಸುವುದು ಈ ಒಂದೇ ಅಳತೆಯನ್ನು.

ಎರಡನೆಯ ಅಳತೆ ತೆಂಗಿನ ಮಡಲು. ಹೊಳೆಬದಿಯ ತೋಟಗಳಲ್ಲಿ ಬೆಳೆದ ತೆಂಗಿನ ಮರದ ಮಡಲು ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದೂವರೆ ಮೀಟರ್ ಉದ್ದವಿರುತ್ತದೆ. ಹಕ್ಕಿಯು ತೆಂಗಿನ ತಲೆಗಳ ಮಟ್ಟದಲ್ಲಿ, ಮರಕ್ಕೆ ಹತ್ತಿರವಾಗಿ ಹಾದುಹೋಗುವಾಗ ಬಿಚ್ಚಿದ ರೆಕ್ಕೆಗಳು ಮಡಲಿನ ಎಷ್ಟು ಭಾಗವನ್ನು ಮುಚ್ಚುತ್ತವೆ ಎಂದು ನೋಡಬೇಕು. ಕಾಲು ಭಾಗದಷ್ಟಾದರೆ ಗರುಡ. ಅರ್ಧಕ್ಕೆ ತುಸು ಕಡಿಮೆಯಾದರೆ ಕಡಲ ಹದ್ದು. ಹಕ್ಕಿ ಮರಕ್ಕಿಂತ ಬಹಳ ಮುಂದೆ ಅಥವಾ ಬಹಳ ಹಿಂದೆ ಇದ್ದರೆ ಈ ಲೆಕ್ಕ ತಪ್ಪುತ್ತದೆ. ಅದು ಅದೇ ಮರದಲ್ಲಿ ಕುಳಿತರೆ ಅಥವಾ ಅಲ್ಲಿಂದ ಎದ್ದರೆ ಮಾತ್ರ ಅಳತೆಯನ್ನು ನಂಬಬಹುದು.

ಮೂರನೆಯದು ಕೈಯ ಅಳತೆ. ಹೊಳೆಯ ಅಗಲ ಗೊತ್ತಿರುವ ಕಡೆ ಇದು ಉಪಯೋಗಕ್ಕೆ ಬರುತ್ತದೆ. ಕೈಯನ್ನು ಪೂರ್ತಿ ಚಾಚಿದಾಗ ಹೆಬ್ಬೆರಳು ಕಣ್ಣಿನಿಂದ ಸುಮಾರು 60 ಸೆಂಟಿಮೀಟರ್ ದೂರದಲ್ಲಿರುತ್ತದೆ, ಅದರ ಅಗಲ ಸುಮಾರು 2 ಸೆಂಟಿಮೀಟರ್. ಎಂದರೆ ಹೆಬ್ಬೆರಳು ಮುಚ್ಚುವ ವಸ್ತುವಿನ ಅಗಲ, ಅದು ಇರುವ ದೂರದ ಮೂವತ್ತನೆಯ ಒಂದು ಭಾಗ. ಆಚೆ ದಡ 120 ಮೀಟರ್ ದೂರವಿದೆ ಎಂದುಕೊಳ್ಳೋಣ. ಆ ದಡದ ಮರದಿಂದ ಎದ್ದ ಹಕ್ಕಿಯ ರೆಕ್ಕೆಗಳು ಅರ್ಧ ಹೆಬ್ಬೆರಳನ್ನು ತುಂಬಿದರೆ ಹರವು ಎರಡು ಮೀಟರ್, ಮೂರನೆಯ ಒಂದು ಭಾಗಕ್ಕೂ ತುಸು ಕಡಿಮೆಯಾದರೆ ಒಂದೂಕಾಲು ಮೀಟರಿನೊಳಗೆ. ಮೊದಲು ನಿಮ್ಮ ಕೈಯನ್ನೂ ಬೆರಳನ್ನೂ ಅಳೆದುಕೊಳ್ಳಿ, ಮನೆಯ ಅಂಗಳದಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ.

ರೆಕ್ಕೆ ಬಡಿಯುವ ವೇಗವೂ ಗಾತ್ರವನ್ನು ಹೇಳುತ್ತದೆ. ದೇಹ ದೊಡ್ಡದಾದಷ್ಟೂ ಬಡಿತ ನಿಧಾನ, ಆಳ. ಗರುಡನ ಹಾರಾಟದಲ್ಲಿ ಹಗುರತನವಿದೆ. ಕಡಲ ಹದ್ದು ನಾಲ್ಕೈದು ಸಲ ಭಾರವಾಗಿ ಬಡಿದು ಬಹಳ ದೂರ ತೇಲುತ್ತದೆ.

ಆಕಾರ, ಆಮೇಲೆ ಬಣ್ಣ

ಎದುರಿನಿಂದ ಬರುವ ಹಕ್ಕಿಯ ರೆಕ್ಕೆಗಳನ್ನು ನೋಡಿ. ತೇಲುವಾಗ ಕಡಲ ಹದ್ದು ರೆಕ್ಕೆಗಳನ್ನು ಮೇಲಕ್ಕೆತ್ತಿ, ಬೊಗಸೆ ಬಿಚ್ಚಿದಂತೆ ಹಿಡಿಯುತ್ತದೆ. ಗರುಡ ಬಹುತೇಕ ಸಮತಟ್ಟಾಗಿ ಹಿಡಿಯುತ್ತದೆ, ಮೀನು ಡೇಗೆಯ ರೆಕ್ಕೆಗಳು ಮಣಿಕಟ್ಟಿನಲ್ಲಿ ಬಾಗಿ ತುದಿಗಳು ಕೆಳಗಿಳಿಯುತ್ತವೆ. ಬಾಲವನ್ನೂ ಗಮನಿಸಬೇಕು: ಕಡಲ ಹದ್ದಿನದು ಮೋಟಾಗಿ, ನಡುವೆ ಚೂಪಾಗಿ ಮುಂದೆ ಬಂದ ಬಾಲ, ಗರುಡನದು ದುಂಡು, ಊರ ಹದ್ದಿನದು ಸೀಳಿದ್ದು. ಇಷ್ಟಾದ ಮೇಲೆ ಬಣ್ಣ. ಬೆಳೆದ ಕಡಲ ಹದ್ದಿನ ತಲೆ, ಎದೆ, ಹೊಟ್ಟೆ ಮತ್ತು ಬಾಲ ಬಿಳಿ, ಬೆನ್ನು ಬೂದು, ಕೆಳಗಿನಿಂದ ನೋಡಿದರೆ ರೆಕ್ಕೆಯ ಮುಂಭಾಗ ಬಿಳಿಯಾಗಿ ಹಿಂಭಾಗದ ದೊಡ್ಡ ಗರಿಗಳು ಕಪ್ಪಾಗಿ ಇರುತ್ತವೆ. ಗರುಡನ ತಲೆ ಎದೆಗಳೂ ಬಿಳಿಯೇ, ಆದರೆ ಉಳಿದ ಮೈ ಇಟ್ಟಿಗೆಯಂಥ ಕೆಂಪು ಕಂದು.

ಬೇಟೆಯನ್ನು ನೋಡಬೇಕಾದ ಹೊತ್ತು ಮತ್ತು ಜಾಗ

ಹೊಳೆ ಕಡಲನ್ನು ಸೇರುವ ಅಳಿವೆ, ಅದರ ಒಳಗಿನ ಹಿನ್ನೀರು, ಕಾಂಡ್ಲಾ ಗಿಡಗಳ ಅಂಚು ಇವೇ ಕಡಲ ಹದ್ದಿನ ಬೇಟೆಯ ನೆಲೆಗಳು. ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳಿವೆ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಅಳಿವೆಗಳು ರಾಷ್ಟ್ರೀಯ ಹೆದ್ದಾರಿಯಿಂದ ದೂರವಿಲ್ಲ, ಬೆಳಿಗ್ಗೆ ಹೋಗಿ ಹತ್ತು ಗಂಟೆಯೊಳಗೆ ಮನೆ ಸೇರಬಹುದು. ಬೇಕಲ ಕೋಟೆಯ ಮೇಲಿನಿಂದ ಹಕ್ಕಿಯನ್ನು ಅದರ ಮಟ್ಟದಲ್ಲಿಯೇ, ಕೆಲವೊಮ್ಮೆ ಅದರ ಬೆನ್ನನ್ನೇ ನೋಡುವ ಅನುಕೂಲವಿದೆ. ದಕ್ಷಿಣಕ್ಕೆ ಹೋದರೆ ಕವ್ವಾಯಿ ಹಿನ್ನೀರು ಇನ್ನೂ ವಿಶಾಲವಾದುದು.

ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗಿನ ಹೊತ್ತು ಒಳ್ಳೆಯದು. ಆಗ ನೆಲ ಕಾದಿರುವುದಿಲ್ಲ, ಮೇಲೇರುವ ಬಿಸಿ ಗಾಳಿ ಇರುವುದಿಲ್ಲ; ಇಷ್ಟು ತೂಕದ ಹಕ್ಕಿ ರೆಕ್ಕೆ ಬಡಿದೇ ಮೇಲೇರಬೇಕಾದುದರಿಂದ ಹೆಚ್ಚಾಗಿ ಮರದಲ್ಲಿ ಕುಳಿತು ನೀರನ್ನು ನೋಡುತ್ತಿರುತ್ತದೆ. ಹತ್ತು ಗಂಟೆಯ ಮೇಲೆ ಪದವುಗಳ, ಎಂದರೆ ಮರಗಳಿಲ್ಲದ ಎತ್ತರದ ಬಯಲುಗಳ, ಮುರಕಲ್ಲು ಕಾದಾಗ ಬಿಸಿ ಗಾಳಿಯನ್ನು ಹಿಡಿದು ಸುತ್ತುತ್ತಾ ಮೇಲೇರುತ್ತದೆ. ಆಗ ಗಾತ್ರ ಆಕಾರಗಳನ್ನು ನೋಡಲು ಅನುಕೂಲ, ಬೇಟೆಯನ್ನು ನೋಡಲು ಅಲ್ಲ. ಭರತ ಇಳಿತಗಳ ಹೊತ್ತನ್ನೂ ತಿಳಿದು ಹೋಗಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಾನು ನೋಡಿದ ಮಟ್ಟಿಗೆ ನೀರು ಇಳಿಯುವ ಹೊತ್ತಿನಲ್ಲಿ, ಆಳ ಕಡಿಮೆಯಾದ ಕಡೆ ಮೀನುಗಳು ಮೇಲ್ಮೈಗೆ ಬಂದಾಗ, ಹಕ್ಕಿ ಹೆಚ್ಚು ಸಲ ನೀರಿಗಿಳಿಯುತ್ತದೆ.

ಒಂದು ಬೇಟೆಯನ್ನು ಮೊದಲಿನಿಂದ ಕೊನೆಯವರೆಗೆ ಗಮನಿಸುವುದು

ಹಕ್ಕಿ ಕುಳಿತ ಮರವನ್ನು ಕಂಡ ಮೇಲೆ ಅದರತ್ತ ನಡೆಯಬೇಡಿ. ನೆರಳಿನಲ್ಲಿ ಕುಳಿತು, ಬೈನಾಕ್ಯುಲರನ್ನು ಅದರ ತಲೆಯ ಮೇಲೆ ನಿಲ್ಲಿಸಿ. 8 ಪಟ್ಟು ಹಿಗ್ಗಿಸುವ ಸಾಧಾರಣ ಬೈನಾಕ್ಯುಲರ್ ಸಾಕು. ಅದು ಒಂದು ಗಂಟೆ ಅಲುಗದೆ ಕುಳಿತಿರಬಹುದು, ಆದರೆ ತಲೆ ಮಾತ್ರ ಸುಮ್ಮನಿರುವುದಿಲ್ಲ. ಒಮ್ಮೆ ಓರೆಯಾಗಿ, ಒಮ್ಮೆ ನೇರವಾಗಿ ನೋಡುತ್ತಿರುತ್ತದೆ. ಹದ್ದುಗಳ ಪ್ರತಿಯೊಂದು ಕಣ್ಣಿನ ಹಿಂಪರದೆಯಲ್ಲಿಯೂ ಅತಿ ಸ್ಪಷ್ಟವಾಗಿ ಕಾಣುವ ಎರಡು ಬಿಂದುಗಳಿವೆ, ನಮಗಿರುವುದು ಒಂದೇ. ಒಂದು ಬಿಂದು ಪಕ್ಕದ ದೂರದ ನೋಟಕ್ಕೆ, ಇನ್ನೊಂದು ಮುಂದಿನ ನೋಟಕ್ಕೆ. ತಲೆ ಆಡಿಸುವುದರ ಅರ್ಥ ಇದು. ದೊಡ್ಡ ಹದ್ದುಗಳ ನೋಟದ ಸೂಕ್ಷ್ಮತೆ ನಮ್ಮದರ ಎರಡು ಪಟ್ಟಿಗೂ ಹೆಚ್ಚು.

ತಲೆಯಾಟ ನಿಂತು ಮೈ ಮುಂದಕ್ಕೆ ಬಾಗಿತೆಂದರೆ ಬೈನಾಕ್ಯುಲರನ್ನು ಕಣ್ಣಿನಿಂದ ತೆಗೆದು ಬರಿಗಣ್ಣಿನಲ್ಲಿ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನದು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಹಕ್ಕಿ ಕಲ್ಲು ಬಿದ್ದಂತೆ ನೇರವಾಗಿ ಬೀಳುವುದಿಲ್ಲ. ಇಳಿಜಾರಿನಲ್ಲಿ ಜಾರಿದಂತೆ ನೀರಿನ ಕಡೆಗೆ ಬಂದು, ಮೇಲ್ಮೈಗೆ ಸಮೀಪದಲ್ಲಿ ತೇಲುತ್ತದೆ. ಬಿಸಿಲಿರುವಾಗ ಅದು ಸೂರ್ಯನಿಗೆ ಎದುರಾಗಿ ಅಥವಾ ಅಡ್ಡವಾಗಿ ಹಾರುವುದನ್ನು ಹಲವು ವೀಕ್ಷಕರು ಗುರುತಿಸಿದ್ದಾರೆ. ತನ್ನ ನೆರಳು ಮೀನಿನ ಮೇಲೆ ಬೀಳದಂತೆ ಹೀಗೆ ಮಾಡುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ಈ ಒಂದು ಸಂಗತಿಯನ್ನು ನೀವೇ ಪರೀಕ್ಷಿಸಿ ನೋಡಬಹುದು: ಪ್ರತಿ ಬೇಟೆಗೂ ಸೂರ್ಯ ಯಾವ ಕಡೆಗಿದ್ದ, ಹಕ್ಕಿ ಯಾವ ಕಡೆಯಿಂದ ಬಂತು ಎಂದು ಬರೆದಿಡಿ.

ಕೊನೆಯ ಕ್ಷಣದಲ್ಲಿ ಕಾಲುಗಳನ್ನು ಗದ್ದದ ಕೆಳಗಿನವರೆಗೆ ಮುಂದಕ್ಕೆ ಚಾಚಿ, ನೀರನ್ನು ಮುಟ್ಟಿದೊಡನೆ ಹಿಂದಕ್ಕೆ ಸೆಳೆಯುತ್ತದೆ; ಅದೇ ಹೊತ್ತಿಗೆ ರೆಕ್ಕೆಗಳನ್ನು ಜೋರಾಗಿ ಬಡಿದು ಮೇಲೇಳುತ್ತದೆ. ಅನೇಕ ಸಲ ಒಂದೇ ಕಾಲಿನಿಂದ ಹಿಡಿಯುತ್ತದೆ. ಮೈ ನೆನೆಯುವುದು ಅಪರೂಪ. ಇದರಿಂದಲೇ ಇದರ ಆಹಾರದ ಮಿತಿಯೂ ತಿಳಿಯುತ್ತದೆ: ಮೇಲ್ಮೈಗೆ ಬಂದ ಮೀನು ಸಿಗುತ್ತದೆ, ಆಳದಲ್ಲಿರುವುದು ಸಿಗುವುದಿಲ್ಲ. ಮೀನು ಡೇಗೆಯ ಕ್ರಮ ಇದಕ್ಕಿಂತ ಪೂರ್ತಿ ಬೇರೆ. ಅದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಾಲು ಮುಂದಾಗಿ ಧುಮುಕಿ, ಒಂದು ಮೀಟರಿನಷ್ಟು ಆಳಕ್ಕೂ ಹೋಗಿ, ನೀರನ್ನು ಕೊಡವಿಕೊಂಡು ಏಳುತ್ತದೆ. ಮೀನಿನ ತಲೆ ಮುಂದಾಗಿರುವಂತೆ ತಿರುಗಿಸಿ ಹಿಡಿದು ಹಾರುತ್ತದೆ. ಗರುಡ ಸಣ್ಣ ಬೂತಾಯಿ ಮೀನನ್ನೋ ಸತ್ತು ತೇಲುವುದನ್ನೋ ಹಗುರವಾಗಿ ಎತ್ತಿ, ಕೆಲವೊಮ್ಮೆ ಹಾರುತ್ತಲೇ ತಿನ್ನುತ್ತದೆ. ದೂರದಿಂದ ಬಣ್ಣವೇ ಕಾಣದಿದ್ದರೂ ನೀರಿಗಿಳಿದ ರೀತಿಯೊಂದರಿಂದಲೇ ಮೂರನ್ನೂ ಬೇರ್ಪಡಿಸಬಹುದು.

ಹಿಡಿದ ಬೇಟೆ ಏನೆಂದು ನೋಡಲು ಈಗ ಬೈನಾಕ್ಯುಲರನ್ನು ಎತ್ತಿಕೊಳ್ಳಿ. ಮೀನೇ ಮುಖ್ಯ ಆಹಾರವಾದರೂ ಕಡಲ ಹಾವುಗಳನ್ನು ಇದು ಇಷ್ಟಪಟ್ಟು ತಿನ್ನುತ್ತದೆ. ಉಗುರುಗಳಿಂದ ಹಗ್ಗದಂತೆ ಜೋತಾಡುವುದು ಕಂಡರೆ ಅದು ಕಡಲ ಹಾವು ಇರಬಹುದು. ನೀರುಹಕ್ಕಿಗಳು, ಆಮೆಗಳು, ಬಾವಲಿಗಳು, ದಡಕ್ಕೆ ಬಂದು ಬಿದ್ದ ಸತ್ತ ಪ್ರಾಣಿಗಳು ಎಲ್ಲವೂ ಇದರ ಆಹಾರವೇ. ಇನ್ನೊಂದು ದಾರಿಯೂ ಇದೆ: ಮೀನು ಡೇಗೆ ಅಥವಾ ಗರುಡ ಹಿಡಿದುದನ್ನು ಬೆನ್ನಟ್ಟಿ ಕಸಿಯುವುದು. ಮೀನು ಹೊತ್ತ ಡೇಗೆಯೊಂದು ದಿಕ್ಕು ಬದಲಿಸುತ್ತಾ ಗಾಬರಿಯಿಂದ ಹಾರುವುದು ಕಂಡರೆ ಅದರ ಮೇಲಿನ ಆಕಾಶವನ್ನು ನೋಡಿ.

ಎಷ್ಟು ಭಾರ ಹೊರಬಲ್ಲದು?

ಹದ್ದು ಮಗುವನ್ನು ಎತ್ತಿಕೊಂಡು ಹೋಯಿತು ಎಂಬ ಕಥೆಯನ್ನು ನಮ್ಮ ಹಿರಿಯರು ಹೇಳುವುದುಂಟು. ತೂಕವನ್ನು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ಹದ್ದುಗಳು ಸಾಮಾನ್ಯವಾಗಿ ತಮ್ಮ ತೂಕದ ಅರ್ಧದಷ್ಟನ್ನು ಹೊತ್ತು ದೂರ ಹಾರುವುದೂ ಕಷ್ಟವೇ. ಮೂರು ಕಿಲೋ ತೂಗುವ ಕಡಲ ಹದ್ದಿಗೆ ಒಂದೂವರೆ ಕಿಲೋ ದೊಡ್ಡ ಹೊರೆ; ಅದು ಹೊತ್ತೊಯ್ಯುವ ಮೀನುಗಳಲ್ಲಿ ಹೆಚ್ಚಿನವು ಅದಕ್ಕಿಂತ ಬಹಳ ಚಿಕ್ಕವು. ಮಕ್ಕಳ ಬಗ್ಗೆ ಯಾವ ಭಯವೂ ಬೇಡ. ಅಂಗಳದ ಕೋಳಿಮರಿ ಹೋದರೆ ಅದರ ಆರೋಪವನ್ನು ಊರ ಹದ್ದು ಮತ್ತು ಬಿಜ್ಜು ಗಿಡುಗಗಳ ಮೇಲೆ ಹೊರಿಸುವುದು ಹೆಚ್ಚು ನ್ಯಾಯ.

ಲೋಕದ ದೊಡ್ಡ ಹದ್ದುಗಳ ಸಾಲಿನಲ್ಲಿ ನಮ್ಮದು ಮಧ್ಯಮ. ರಷ್ಯಾದ ಪೂರ್ವ ಕರಾವಳಿಯ ಸ್ಟೆಲ್ಲರ್ ಕಡಲ ಹದ್ದು 9 ಕಿಲೋವರೆಗೆ ತೂಗುತ್ತದೆ. ದಕ್ಷಿಣ ಅಮೆರಿಕದ ಹಾರ್ಪಿ ಹದ್ದಿನ ಹೆಣ್ಣೂ ಅದೇ ತೂಕಕ್ಕೆ ಬರುತ್ತದೆ, ಆದರೆ ದಟ್ಟ ಕಾಡಿನ ಮರಗಳ ನಡುವೆ ನುಸುಳಬೇಕಾದುದರಿಂದ ಅದರ ರೆಕ್ಕೆ ಮೋಟು, ಬಾಲ ಉದ್ದ, ಆಹಾರ ಕೋತಿ ಮತ್ತು ಮರದಲ್ಲೇ ಬದುಕುವ ನಿಧಾನ ಪ್ರಾಣಿಗಳಾದ ಸ್ಲಾತ್‌ಗಳು. ನ್ಯೂಜಿಲೆಂಡಿನಲ್ಲಿ ಇದ್ದ ಹಾಸ್ಟ್ ಹದ್ದು 10ರಿಂದ 15 ಕಿಲೋ ತೂಗುತ್ತಿತ್ತು. ಅದರ ಆಹಾರವಾದ ಮೋವಾ ಹಕ್ಕಿಗಳನ್ನು ಮನುಷ್ಯರು ಬೇಟೆಯಾಡಿ ಮುಗಿಸಿದ ಮೇಲೆ, ಸುಮಾರು 600 ವರ್ಷಗಳ ಹಿಂದೆ ಅದೂ ಅಳಿಯಿತು.

ಗುಡ್ಡಗಳ ಕಡೆಗೆ ಹೋದವರಿಗೆ

ಮುಳ್ಳೇರಿಯ, ಕಾರಡ್ಕದ ಒಳನಾಡಿನಲ್ಲಿಯೂ ರಾಣಿಪುರಂ ಬೆಟ್ಟದಲ್ಲಿಯೂ ಕಾಣುವ ದೊಡ್ಡ ಹಕ್ಕಿಗಳು ಬೇರೆ. ರೆಕ್ಕೆಯ ಹಿಂಬದಿಯಲ್ಲಿ ಅಗಲವಾದ ಬಿಳಿ ಪಟ್ಟಿಯಿದ್ದು, ಮೇಲಿನಿಂದ ಶಿಳ್ಳೆಯಂತೆ ಕೂಗುತ್ತಾ ಸುತ್ತುವುದು ಹಾವು ಗಿಡುಗ. ಅದು ಕೊಂಬೆಯಲ್ಲಿ ಕುಳಿತು ಕಾದು, ನೆಲದ ಹಾವಿನ ಮೇಲೆ ಎರಗುತ್ತದೆ. ಕಾಡಿನ ಮರಗಳ ತಲೆಗೆ ತಾಗುವಂತೆ ಅತಿ ನಿಧಾನವಾಗಿ ತೇಲುವ, ಮೈಯೆಲ್ಲ ಕಪ್ಪಾದ ಹಕ್ಕಿ ಕಪ್ಪು ಗಿಡುಗ. ಅದು ಇತರ ಹಕ್ಕಿಗಳ ಗೂಡುಗಳಿಂದ ಮೊಟ್ಟೆ ಮರಿಗಳನ್ನು ಎತ್ತುತ್ತದೆ. ಇವೆರಡೂ ಕಡಲ ಹದ್ದಿನಂತೆಯೇ ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿಯುತ್ತವೆ, ಆದುದರಿಂದ ಅಲ್ಲಿ ಆ ಒಂದೇ ಗುರುತನ್ನು ನಂಬಬಾರದು.

ಗೂಡಿನ ಹತ್ತಿರ

ಅಕ್ಟೋಬರದಿಂದ ಬೇಸಗೆಯವರೆಗೆ ಕಡಲ ಹದ್ದು ಗೂಡಿನ ಕೆಲಸದಲ್ಲಿರುತ್ತದೆ. ಕಡಲು ಅಥವಾ ಹೊಳೆಗೆ ಹತ್ತಿರದ ಎತ್ತರದ ಮರ, ಅನೇಕ ಸಲ ಯಾರದೋ ಹಿತ್ತಿಲಿನ ಅಥವಾ ಬನದ ಹಳೆಯ ಮರ, ಅದಕ್ಕೆ ಬೇಕು. ಒಣ ಕಡ್ಡಿಗಳ ಗೂಡನ್ನು ವರ್ಷ ವರ್ಷವೂ ಸರಿಪಡಿಸಿ ಬಳಸುವುದರಿಂದ ಅದು ಒಂದು ಮೀಟರಿಗೂ ಅಗಲವಾಗಿ ಬೆಳೆಯುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಆರು ವಾರ, ಮರಿ ಹಾರಲು ಮತ್ತೆ 70ರಿಂದ 80 ದಿನ. ಜೋಡಿ ಒಟ್ಟಿಗೆ ಬಾತುಕೋಳಿಯಂಥ ಗಟ್ಟಿ ದನಿಯಲ್ಲಿ ಕೂಗಿದರೆ ಗೂಡು ಸಮೀಪದಲ್ಲೇ ಇದೆಯೆಂದು ತಿಳಿದು ಅಲ್ಲಿಂದ ಹಿಂದೆ ಸರಿಯಬೇಕು. ನಾನು 200 ಮೀಟರಿಗಿಂತ ಹತ್ತಿರ ಹೋಗುವುದಿಲ್ಲ, ಡ್ರೋನ್ ಹಾರಿಸುವವರನ್ನು ಜೊತೆಗೆ ಕರೆದೊಯ್ಯುವುದಿಲ್ಲ, ಗೂಡಿರುವ ಜಾಗದ ಹೆಸರನ್ನು ಸಾರ್ವಜನಿಕವಾಗಿ ಬರೆಯುವುದಿಲ್ಲ. ತಾಯಿ ಗಾಬರಿಯಿಂದ ಎದ್ದು ಹೋದ ಹೊತ್ತಿನಲ್ಲಿ ಕಾಗೆಗಳು ಒಳಗೆ ಇಳಿಯುತ್ತವೆ, ಬಿಸಿಲು ಮರಿಯ ಮೇಲೆ ಬೀಳುತ್ತದೆ. ಮರ ನಿಮ್ಮದೇ ಆಗಿದ್ದು ಕಡಿಯಲೇಬೇಕಾಗಿದ್ದರೆ ಮೊದಲು ಅರಣ್ಯ ಇಲಾಖೆಯವರೊಡನೆ ಮಾತನಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಈ ಹಕ್ಕಿಗೆ ರಕ್ಷಣೆಯಿದೆ. ಕೆಳಗೆ ಬಿದ್ದ ಮರಿ ಸಿಕ್ಕಿದರೆ ಮೀನು ತಿನ್ನಿಸಲು ಹೋಗದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ನೆರಳಿನಲ್ಲಿ ಇಟ್ಟು ಅವರನ್ನೇ ಕರೆಯಿರಿ.

ಬರೆದಿಡುವ ಕ್ರಮ

ಹಕ್ಕಿಯ ಹೆಸರನ್ನು ಕೊನೆಗೆ ಬರೆಯಿರಿ. ಮೊದಲು ಹೊತ್ತು, ನೀರಿನ ಸ್ಥಿತಿ, ಸೂರ್ಯನ ದಿಕ್ಕು. ಆಮೇಲೆ ಯಾವ ಅಳತೆಯಿಂದ ಗಾತ್ರವನ್ನು ಅಂದಾಜಿಸಿದಿರಿ ಎಂಬುದು. ಆಮೇಲೆ ರೆಕ್ಕೆ, ಬಾಲ, ಬೇಟೆಯ ರೀತಿ. ನನ್ನ ಪುಸ್ತಕದ ಒಂದು ದಿನದ ಬರಹ ಹೀಗಿದೆ: "ಜನವರಿ, ಬೆಳಿಗ್ಗೆ 7.40. ಇಳಿತ. ಸೂರ್ಯ ಹಿನ್ನೀರಿನ ಕಡೆ. ಆಚೆ ದಡದ ತೆಂಗಿನಿಂದ ಎದ್ದಿತು, ರೆಕ್ಕೆ ಅರ್ಧ ಮಡಲಿಗೆ ಸ್ವಲ್ಪ ಕಡಿಮೆ. ಎರಡು ಕಾಗೆಗಳು ಹಿಂದೆ, ಉದ್ದ ಅದರ ಅರ್ಧ. ರೆಕ್ಕೆ ಮೇಲಕ್ಕೆತ್ತಿ ತೇಲಿತು, ಬಾಲ ಮೋಟು. ಸೂರ್ಯನಿಗೆ ಎದುರಾಗಿ ಬಂದು ಎಡಗಾಲಿನಿಂದ ಹಿಡಿಯಿತು, ಮೈ ನೆನೆಯಲಿಲ್ಲ. ಮೀನು ಬಂಗುಡೆಯ ಗಾತ್ರದ್ದು. ಮೈ ಬಣ್ಣ ಕಂದು. ಕಡಲ ಹದ್ದು, ಎಳೆಯದು."